ಗಾಯನ: ಎಸ್ತರ್

ಹುಬ್ಬಳ್ಳಿ
12 ಸೆಪ್ಟೆಂಬರ್ 2024

ಪಂಕಜಾಕ್ಷಿ ಅವರಿಗೆ,

ಈ ಅಕ್ಷರ ಯಾರದೆಂದು ನಿಮಗೆ ಗುರುತು ಸಿಗಲಿಕ್ಕಿಲ್ಲ. ನಾನು ಹಾನುಬಾಳಿನ ದಯಾನಂದ. ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರ್ ಮಗ, ನಿಮ್ಮ ಹೊಲಿಗೆ ಟೀಚರ್ ತಮ್ಮ, ಸದಾ ಗಿಟಾರ್ ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದವನು. ನೀವು ಆಲೂರಿನಲ್ಲಿ ಸಂಸಾರ ಮಾಡಿಕೊಂಡು ಚೆನ್ನಾಗಿದ್ದೀರಿ ಎಂದು ಗಂಗಾಮಣಿ ತಿಳಿಸಿದಳು. ನಿಮ್ಮ ಜೊತೆ ಹೊಲಿಗೆ ಕಲಿತವಳು ಈಗ ನಿಮ್ಮ ಪಕ್ಕದ ಹಳ್ಳಿಯಲ್ಲೇ ಪೋಸ್ಟ್ ಮಾಸ್ಟರ್ ಅಂತೆ. ಮನೆಯ ವಿಳಾಸಕ್ಕೆ ಬರೆದರೆ ನಿಮಗೆ ಕಷ್ಟವಾದೀತೆಂದು ಅವಳ ಕೈಗೇ ಕಳಿಸುತ್ತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ನನ್ನ ಎರಡೂ ಕಿವಿ ಹೋಗಿವೆ. ಮಷಿನ್ ಹಾಕಿಕೊಂಡರೂ ಜೇನುಗೂಡಿನ ಸದ್ದಷ್ಟೇ. ಸಂಗೀತದ ಮೇಷ್ಟ್ರಿಗೆ ಕರ್ತನು ಇಟ್ಟ ಪರೀಕ್ಷೆ.

ವಿಷಯಕ್ಕೆ ಬರುತ್ತೇನೆ. ನಮ್ಮ ‘ಕಣಿವೆಗೂ ಬೆಳಗಾಯಿತು’ ಕ್ಯಾಸೆಟ್ ಬಂದು ಬರುವ ಈಸ್ಟರಿಗೆ ಇಪ್ಪತ್ತೈದು ವರ್ಷ. ನೀವು ಹಾಡಿದ ಎಂಟು ಹಾಡು. ಗಿಟಾರು, ಡ್ರಮ್ಮು ಇಟ್ಟುಕೊಂಡು ದೇವರ ಹಾಡನ್ನು ಸಿನಿಮಾ ಹಾಡು ಮಾಡಿದ್ದಾರೆ ಎಂದು ಆಗ ನಮ್ಮ ಸಭೆಯ ಹಿರಿಯರು ಬೈದಿದ್ದರು. ಈಗ ನಾನು ಹೋದ ಯಾವ ಊರಿನಲ್ಲೂ ಆ ಕೊನೆಯ ಹಾಡಿಲ್ಲದೆ ಮಣ್ಣು ಮಾಡುವುದಿಲ್ಲ. ಸಕಲೇಶಪುರದ ಅಭಿಲಾಷ್ ಎಂಬ ಯುವಕ ಹಳೆಯ ಟೇಪನ್ನು ಶುದ್ಧ ಮಾಡಿ ಯೂಟ್ಯೂಬಿಗೆ ಹಾಕಿದ್ದಾನೆ. ಲಕ್ಷಾಂತರ ಜನ ಕೇಳಿದ್ದಾರೆ. ಈಸ್ಟರಿಗೆ ಹೊಸದಾಗಿ ಸಿ.ಡಿ. ತರುತ್ತಾರಂತೆ, ಮಾರನೇ ದಿನ ಹಾನುಬಾಳಿನಲ್ಲಿ ಕಾರ್ಯಕ್ರಮವೂ ಇದೆ.

ಕವರಿನ ಮೇಲೆ ‘ಗಾಯನ: ಎಸ್ತರ್’ ಎಂದೇ ಇದೆ. ಚರ್ಚಿನ ಕ್ಯಾಸೆಟ್ಟಿಗೆ ಹಾಡಿದ್ದು ನಿಮ್ಮ ಮನೆಗೆ ಗೊತ್ತಾಗಬಾರದೆಂದು ನಾವೇ ಇಟ್ಟ ಸುಳ್ಳು ಹೆಸರು. ಆ ಎಸ್ತರ್ ಬಗ್ಗೆ ಜನ ಏನು ನಂಬಿದ್ದಾರೆಂದು ನಿಮಗೆ ಗೊತ್ತೇ? ಕ್ಯಾಸೆಟ್ ಮುಗಿಸಿ ತಿಂಗಳೊಳಗೆ ಕಾಮಾಲೆಯಿಂದ ತೀರಿಕೊಂಡ ಹತ್ತೊಂಬತ್ತರ ಹುಡುಗಿ ಎಂದು. ಚರ್ಚುಗಳಲ್ಲಿ ಅವಳ ಮೇಲೆ ಪ್ರಸಂಗ ಮಾಡುತ್ತಾರೆ. ಹುಟ್ಟಿದ ಮಕ್ಕಳಿಗೆ ಅವಳ ಹೆಸರಿಡುತ್ತಾರೆ. ಈ ಕಥೆಯನ್ನು ಹುಟ್ಟಿಸಿದವನು ನಾನು.

ನನಗೆ ಐವತ್ತೊಂಬತ್ತು. ಹೃದಯವೂ ಸರಿಯಿಲ್ಲ. ಈ ಸುಳ್ಳನ್ನು ಹೊತ್ತುಕೊಂಡು ಕರ್ತನ ಮುಂದೆ ನಿಲ್ಲಲಾರೆ. ಹೊಸ ಕವರಿನ ಮೇಲೆ ನಿಮ್ಮ ಹೆಸರು ಹಾಕಿಸಲು ಅಪ್ಪಣೆ ಕೊಡಿ.

ದಯಾನಂದ


ಆಲೂರು
3 ಅಕ್ಟೋಬರ್ 2024

ದಯಣ್ಣ,

ಕಾಗದ ಸಿಕ್ತು. ಅದೇನು ‘ಅವರಿಗೆ’, ‘ನೀವು’? ‘ಏ ಪಂಕಜ, ಶ್ರುತಿ ಬಿಟ್ಟೆ ಕಣೆ’ ಅಂತ ಗಂಗಾಮಣಿ ಮುಂದೇನೇ ಬೈತಿದ್ದೋರು ನೀವೇ ತಾನೆ? ವಯಸ್ಸಾದ ಮೇಲೆ ಮರ್ಯಾದೆ ಬಂದೈತೆ ಪಾಪ.

ಕಿವಿ ವಿಷಯ ಓದಿ ಬೇಜಾರಾಯ್ತು. ಸೂಜಿ ಬಿದ್ರೂ ಯಾವ ಸ್ವರ ಅಂತ ಹೇಳೋ ಕಿವಿ ಅದು.

ಉಳಿದ ವಿಷಯಕ್ಕೆ ನನ್ನ ಉತ್ತರ ಒಂದೇ. ಬ್ಯಾಡ. ನಮ್ಮೆಜಮಾನರು ವೀರಯ್ಯನವರು ಬಸ್ ಸ್ಟ್ಯಾಂಡ್ ಹತ್ರ ದಿನಸಿ ಅಂಗಡಿ ಇಟ್ಟವ್ರೆ. ಒಳ್ಳೇ ಮನುಷ್ಯ, ನನ್ನ ಮೇಲೆ ಒಂದು ದಿನ ಕೈ ಎತ್ತಿಲ್ಲ. ಆದ್ರೆ ಅತ್ತೆ ಅವ್ರೆ, ನೆಂಟರವ್ರೆ. ಮಠಕ್ಕೆ ನಡ್ಕೊಳ್ಳೋ ಮನೆ ನಮ್ದು. ‘ವೀರಯ್ಯನ ಹೆಂಡ್ತಿ ಹುಡುಗೀಲಿ ಯೇಸು ಹಾಡು ಹಾಡ್ಕೊಂಡಿದ್ಲಂತೆ’ ಅಂತ ಸಂತೇಲಿ ನಾಲ್ಕು ಜನ ಆಡ್ಕೊಳ್ಳೋದು ಯಾಕೆ ಬೇಕು? ಹಾಡಿದ್ದು ತಪ್ಪು ಅಂತಲ್ಲ. ಮುಚ್ಚಿಟ್ಟಿದ್ದೆನಲ್ಲ, ಅದು ತಪ್ಪಾಗುತ್ತೆ.

ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬೇಡಿ. ಇಪ್ಪತ್ತೈದು ವರ್ಷ ನನ್ನ ನೆನಪಾಗ್ಲಿಲ್ಲ. ಈಗ ಸಿ.ಡಿ. ಬರುತ್ತೆ, ಸನ್ಮಾನ ಆಗುತ್ತೆ ಅನ್ನುವಾಗ ನೆನಪಾಯ್ತಾ? ಸತ್ತೋಳು ಎದ್ದು ಬಂದ್ಲು ಅಂದ್ರೆ ಇನ್ನೂ ನಾಲ್ಕು ಜನ ಜಾಸ್ತಿ ಬರ್ತಾರೆ ಅಂತಾನಾ?

ನಾನು ಆ ಹಾಡು ಆಮೇಲೆ ಕೇಳೂ ಇಲ್ಲ. ಮರ್ತೇ ಬುಟ್ಟಿದ್ದೀನಿ. ಸತ್ತೋಳು ಸತ್ತೋಳಾಗೇ ಇರ್ಲಿ.

ಪಂಕಜ


ಹುಬ್ಬಳ್ಳಿ
10 ನವೆಂಬರ್ 2024

ಪಂಕಜ,

ನಿನ್ನ ಮಾತು ಚುಚ್ಚಿತು. ಚುಚ್ಚಲಿ, ನನಗೆ ಅದು ಸಲ್ಲಬೇಕಾದ್ದೇ. ಸನ್ಮಾನಕ್ಕಾಗಿ ಅಲ್ಲ ಎಂದು ಆಣೆಯಿಟ್ಟು ಹೇಳಲು ನಮ್ಮಲ್ಲಿ ಪದ್ಧತಿಯಿಲ್ಲ. ನಡೆದದ್ದನ್ನು ಬರೆಯುತ್ತೇನೆ, ನೀನೇ ತೂಗಿ ನೋಡು.

ಕ್ಯಾಸೆಟ್ ಬಂದು ಹದಿನೈದು ದಿನವಾಗಿತ್ತು. ಬೆಳಿಗ್ಗೆ ನಿನ್ನ ಅಪ್ಪ ಸಿದ್ದಯ್ಯನವರು ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತರು. ಹಣೆ ತುಂಬ ವಿಭೂತಿ, ಕೈಯಲ್ಲಿ ಕತ್ತಿ. ‘ಮೇಷ್ಟ್ರೆ, ಸಂತೆ ಅಂಗಡೀಲಿ ಒಂದು ಹಾಡು ಕೇಳ್ದೆ. ಆ ಗಂಟಲು ನಂಗೆ ಗೊತ್ತಿರೋ ಹಂಗೈತೆ. ಯಾರದು?’ ಎಂದರು. ನನ್ನ ಕಣ್ಣು ಕತ್ತಿಯ ಮೇಲೆಯೇ ಇತ್ತು. ನಿನ್ನನ್ನು ಕಡಿದು ಬಂದಿದ್ದಾರೋ, ನನ್ನನ್ನು ಕಡಿದು ಹೋಗುತ್ತಾರೋ ತಿಳಿಯಲಿಲ್ಲ. ‘ಎಸ್ತರ್ ಅಂತ, ಕೋಲಾರದ ಕಡೆ ನಮ್ಮ ಸಂಬಂಧದ ಹುಡುಗಿ’ ಎಂದೆ. ‘ಒಂದ್ಸಲ ನೋಡಬಹುದಾ?’ ಎಂದರು. ಬಾಯಿಗೆ ಬಂದದ್ದು ಒಂದೇ ಮಾತು. ‘ಹೋದ ವಾರ ತೀರಿಕೊಂಡಳು. ಕಾಮಾಲೆ.’

ಅವರು ತಲೆಯ ಟವೆಲ್ ತೆಗೆದು ಎದೆಗೆ ಹಿಡಿದುಕೊಂಡರು. ಹಾಗೇ ತಿರುಗಿ ಹೋದರು. ನಮ್ಮ ಪಕ್ಕದ ಮನೆಯವರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಭಾನುವಾರ ಪಾಸ್ಟರ್ ಎಸ್ತರಳ ಕುಟುಂಬಕ್ಕಾಗಿ ಪ್ರಾರ್ಥನೆ ಮಾಡಿದರು. ಇಡೀ ಸಭೆ ಮೊಣಕಾಲೂರಿತು. ನಾನೂ ಊರಿದೆ. ಆಗಲೇ ಎದ್ದು ಹೇಳಬೇಕಿತ್ತು, ಧೈರ್ಯವಾಗಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುವುದು ಸುಳ್ಳಲ್ಲ.

ಕೊನೆಯ ಹಾಡಿನ ಬಗ್ಗೆ ಏನೆನ್ನುತ್ತಾರೆ ಗೊತ್ತೇ? ಅದರಲ್ಲಿ ದನಿಯ ಹಿಂದೆ ಇನ್ನೊಂದು ದನಿ ಬಂದ ಹಾಗೆ ಗುಂಯ್ ಎನ್ನುತ್ತದಲ್ಲ, ಅದು ಎಸ್ತರಳಿಗೆ ಸ್ವರ್ಗದ ಬಾಗಿಲು ತೆರೆದ ಗುರುತಂತೆ. ಅಭಿಲಾಷ್ ನನಗೇ ಬರೆದು ತೋರಿಸಿದ. ನಾವು ಟೇಪಿಗೆ ಹಾಡು ತುಂಬಿಕೊಂಡಿದ್ದು ಎಸ್ಟೇಟಿನ ಕಾಫಿ ಸ್ಟೋರಿನಲ್ಲಿ, ಭಾನುವಾರ ಹಣ್ಣು ಸುಲಿಯುವ ಪಲ್ಪರ್ ಮಷಿನ್ ನಿಂತಿರುತ್ತಿದ್ದಾಗ. ನಾಲ್ಕೂ ಗೋಡೆಗೆ ಮೂಟೆ ಒಟ್ಟಿದ್ದರಿಂದ ಏಳು ಹಾಡಿಗೆ ದನಿ ಎಲ್ಲೂ ಬಡಿಯಲಿಲ್ಲ. ಎಂಟನೆಯ ಹಾಡಿನ ಹಿಂದಿನ ದಿನ ಲಾರಿಗಳು ಬಂದು ಮೂಟೆಗಳನ್ನು ಹಾಸನಕ್ಕೆ ಹೊತ್ತೊಯ್ದಿದ್ದವು. ಖಾಲಿ ಗೋಡೆಯ ಮಾರ್ದನಿ ಅದು. ನೀನು ಐದು ಗಂಟೆಯ ಬಸ್ಸು ತಪ್ಪೀತೆಂದು ಅವಸರದಲ್ಲಿ ಒಂದೇ ಉಸಿರಿಗೆ ಹಾಡಿದ್ದೆ. ಅವಸರವನ್ನೂ ಈಗ ಭಕ್ತಿ ಎನ್ನುತ್ತಾರೆ.

ಎಲ್ಲ ಗೊತ್ತಿದ್ದೂ ನಾನು ತಲೆಯಾಡಿಸಿದೆ. ಉಪ್ಪು ತಿಂದಿದ್ದೇನೆ, ನೀರು ಕುಡಿಯಲೇಬೇಕು. ಇನ್ನೊಮ್ಮೆ ಯೋಚಿಸು.

ದಯಾನಂದ


ಆಲೂರು
19 ಜನವರಿ 2025

ದಯಣ್ಣ,

ಎರಡು ತಿಂಗಳು ಉತ್ತರ ಬರೀಲಿಲ್ಲ. ಬರೀಬಾರ್ದು ಅಂತ್ಲೇ ಇದ್ದೆ. ಈಗ ಬರೀದೇ ಇದ್ರೆ ಎದೆ ಒಡೆದೋಗುತ್ತೆ.

ನನ್ನ ಮಗಳು ಮಾನಸಾ ಹಾಸನದಲ್ಲಿ ನರ್ಸಿಂಗ್ ಓದ್ತಾಳೆ. ಸಂಕ್ರಾಂತಿಗೆ ಬಂದಿದ್ಲು. ಎಳ್ಳಿಗೆ ಕೊಬ್ಬರಿ ಹೆಚ್ಚುತಾ ಕೂತೋಳು ಹಾಡೋಕೆ ಶುರು ಮಾಡಿದ್ಲು. ನಮ್ಮ ಕೊನೇ ಹಾಡು ಕಣಣ್ಣ. ನನ್ನ ಕೈ ನಿಂತೋಯ್ತು. ಎಲ್ಲಿ ಕಲಿತೆ ಅಂದೆ. ಹಾಸ್ಟೆಲ್ಲಲ್ಲಿ ಜೊತೆಗಿರೋ ಹುಡುಗಿ ಕಲಿಸಿದ್ಲಂತೆ. ವಾರ್ಡಲ್ಲಿ ಯಾರಾದ್ರೂ ತೀರಿಕೊಂಡ ದಿನ ಇಬ್ಬರೂ ರೂಮಿಗೆ ಬಂದು ಅದನ್ನೇ ಹಾಕ್ಕೊಂಡು ಕೂತಿರ್ತಾರಂತೆ. ಆಮೇಲೆ ನಂಗೆ ಎಸ್ತರ್ ಕಥೆ ಹೇಳಿದ್ಲು. ‘ನನ್ನಷ್ಟೇ ವಯಸ್ಸಮ್ಮ ಅವಳಿಗೆ’ ಅಂತ ಅತ್ತಳು. ನನ್ನ ಮಗಳು ನಂಗೋಸ್ಕರ ನನ್ನ ಮುಂದೇನೇ ಅತ್ತಳು, ನಾನು ಸೆರಗಲ್ಲಿ ಅವಳ ಕಣ್ಣು ಒರೆಸ್ದೆ. ಎಂಥಾ ಗತಿ ನೋಡಿ.

ತಡೀಲಾರ್ದೆ ನಾನೂ ಮೆಲ್ಲಗೆ ದನಿ ಸೇರಿಸ್ದೆ. ‘ಹಂಗಲ್ಲಮ್ಮಾ, ಎಸ್ತರ್ ಅಲ್ಲಿ ಎಳೀತಾಳೆ, ನೀನು ಕತ್ತರಿಸ್ಬುಡ್ತೀಯ’ ಅಂತ ನಂಗೇ ತಿದ್ದಿದ್ಲು.

ಮರ್ತೇ ಬುಟ್ಟಿದ್ದೀನಿ ಅಂತ ಬರ್ದಿದ್ದು ಸುಳ್ಳು. ಒಂದು ದಿನಾನೂ ಮರ್ತಿಲ್ಲ. ಅಪ್ಪನ ಕಥೇಲಿ ಅರ್ಧ ನಿಮಗೆ ಗೊತ್ತಿಲ್ಲ, ಕೇಳಿ. ಆವತ್ತು ಅಪ್ಪ ಕತ್ತಿ ಹಿಡಿದಿದ್ದು ನಿಮ್ಮನ್ನ ಕಡಿಯೋಕಲ್ಲ ಮಾರಾಯ್ರೆ! ತೋಟದಲ್ಲಿ ಮರಗಸಿ ನಡೀತಿತ್ತು, ನೆರಳಿನ ಮರದ ಕೊಂಬೆ ಕಡಿಯೋಕೆ ಹೊರಟಿದ್ರು. ಆ ಕಾಲದಲ್ಲಿ ನಮ್ಮ ಕಡೆ ಕತ್ತಿ ಹಿಡೀದ ಗಂಡಸು ಯಾರಿದ್ರು? ರೈಟರ್ ಮಗ ನೀವು, ಯಾವತ್ತೂ ಕತ್ತಿ ಹಿಡಿದೋರಲ್ಲ. ಹಿಡಿಯೋರನ್ನ ಕಂಡು ಹೆದರಿದ್ರಿ.

ಸಂಜೆ ಬಂದು ಅವ್ವನ ಹತ್ರ ‘ಆ ಹುಡುಗಿ ಹೋಗ್ಬುಟ್ಟಳಂತೆ ಕಣೆ’ ಅಂದ್ರು. ಊಟಕ್ಕೆ ಕೂರಲಿಲ್ಲ. ನಾನು ಒಲೆ ಮುಂದೆ ಮುದ್ದೆ ತಿರುವ್ತಾ ಇದ್ದೆ. ಮುಂದಿನ ವಾರ ಆ ಕ್ಯಾಸೆಟ್ಟೇ ತಂದ್ರು. ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಜಗಲಿ ಮೇಲೆ ಕೂತು ಅದನ್ನ ಹಾಕೋರು. ‘ದೇವ್ರು ಯಾವ್ದಾದ್ರೇನು, ಗಂಟಲು ನೋಡು’ ಅನ್ನೋರು. ನನ್ನ ಕರೆದು ‘ನೀನೂ ಇದೀಯ, ಒಂದು ಹಾಡು ಬರಲ್ಲ. ನಿನ್ನಷ್ಟೇ ವಯಸ್ಸಂತೆ ಆ ಮಗೂಗೆ’ ಅನ್ನೋರು. ನಾನು ಹೇಳ್ಲಾ ಅಂತ ಬಾಯಿ ತೆಗೆದಿದ್ದೀನಿ, ಎಷ್ಟು ಸಲ ಅಂತ ಲೆಕ್ಕ ಇಲ್ಲ. ಸತ್ತಳು ಅಂತ ಊಟ ಬಿಟ್ಟ ಮನುಷ್ಯಂಗೆ ಅದು ನಾನೇ ಅಂತ ಹ್ಯಾಗೆ ಹೇಳೋದು? ಅಪ್ಪ ಹೋಗಿ ಹದಿನಾಲ್ಕು ವರ್ಷ ಆಯ್ತು. ನನ್ನ ಗಂಟಲು ಹೊಗಳ್ತಾನೇ ಹೋದ್ರು, ನನ್ನದು ಅಂತ ಗೊತ್ತಿಲ್ದೇ ಹೋದ್ರು.

ಮಗಳಿಗಾದ್ರೂ ಗೊತ್ತಾಗ್ಬೇಕು. ಅತ್ತೆ, ನೆಂಟ್ರು ಏನಾದ್ರೂ ಅಂದ್ಕೊಳ್ಳಲಿ. ಹಾಕಿಸಿ ದಯಣ್ಣ ನನ್ನ ಹೆಸ್ರು. ಪಂಕಜಾಕ್ಷಿ ಅಂತ, ಪೂರ್ತಿ ಹಾಕಿಸಿ. ಒಂದೇ ಒಂದು ಸಲ ಅದು ನನ್ನ ದನಿ ಅಂತ ಜನ ಅನ್ನಲಿ. ಸಾಕು ನಂಗೆ.

ಪಂಕಜ


ಹುಬ್ಬಳ್ಳಿ
16 ಫೆಬ್ರವರಿ 2025

ಪಂಕಜ,

ನಿನ್ನ ಕಾಗದವನ್ನು ಓದಿ ಮಡಿಸಿಟ್ಟು ಮತ್ತೆ ತೆಗೆದು ಓದಿದೆ. ನಿನ್ನ ಅಪ್ಪನ ವಿಷಯಕ್ಕೆ ಯಾವ ಬಾಯಲ್ಲಿ ಕ್ಷಮೆ ಕೇಳಲಿ? ಕೇಳುತ್ತೇನೆ. ಕ್ಷಮಿಸು.

ಆದರೆ ಈಗ ಬರೆಯಬೇಕಾದ ಮಾತಿಗೆ ಕೈ ಮುಂದೆ ಹೋಗುತ್ತಿಲ್ಲ.

ನಮ್ಮ ಶಾಲೆಯಲ್ಲಿ ಪ್ರಮೀಳಾ ಟೀಚರ್ ಎಂದಿದ್ದಾರೆ. ಗಂಡ ಇಲ್ಲ, ಒಬ್ಬಳೇ ಮಗಳು ಕೃತಿಕಾ. ಹತ್ತೊಂಬತ್ತು ವರ್ಷ. ರಕ್ತದ ಕ್ಯಾನ್ಸರಿನಿಂದ ಡಿಸೆಂಬರಿನಲ್ಲಿ ತೀರಿಕೊಂಡಳು. ನಿನ್ನ ಒಪ್ಪಿಗೆ ಬಂದ ದಿನವೇ ನಾನು ಅವರ ಮನೆಗೆ ಹೋದೆ, ಮೊದಲು ಇವರಿಗೇ ಹೇಳಿಬಿಡೋಣವೆಂದು. ನನಗೆ ಕೇಳಿಸುವುದಿಲ್ಲವಲ್ಲ, ಅವರು ನೋಟ್ ಬುಕ್ಕಿನಲ್ಲಿ ಬರೆದು ಮಾತಾಡುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಬರೆದು ತೋರಿಸಿದರು. ಆಸ್ಪತ್ರೆಯಲ್ಲಿ ಕೊನೆಯ ಹನ್ನೊಂದು ದಿನ ಆ ಹುಡುಗಿ ಎಸ್ತರ್ ಹಾಡನ್ನೇ ಕಿವಿಗಿಟ್ಟುಕೊಂಡಿದ್ದಳಂತೆ. ‘ಭಯ ಇಲ್ಲಮ್ಮ. ನಾನು ಹೋದಾಗ ಎಸ್ತರ್ ಬಾಗಿಲಿಗೆ ಬಂದು ಕರ್ಕೊಳ್ತಾಳೆ. ನಾವಿಬ್ಬರೂ ಒಂದೇ ವಯಸ್ಸು’ ಎಂದಳಂತೆ. ಆ ನೋಟ್ ಬುಕ್ಕನ್ನು ಮುಚ್ಚಿ ಅವರ ಕೈಗೆ ಕೊಟ್ಟೆ. ಏನೂ ಹೇಳದೆ ಎದ್ದು ಬಂದೆ.

ಅವರು ಹಾನುಬಾಳಿಗೆ ಬರುತ್ತಾರೆ, ಟಿಕೆಟ್ ಕೂಡ ಮಾಡಿಸಿದ್ದಾರೆ. ಎಸ್ತರ್ ಇಲ್ಲ ಎಂದರೆ ಅವರ ಮಗಳನ್ನು ಯಾರು ಕರೆದುಕೊಂಡರು ಪಂಕಜ?

ಕವರ್ ಪ್ರಿಂಟಿಗೆ ಹೋಗಿದೆ ಎಂದು ಅಭಿಲಾಷ್ ಬರೆದಿದ್ದಾನೆ. ‘ಎಸ್ತರ್’ ಎಂದೇ ಇದೆ. ನಾನು ತಡೆಯಲಿಲ್ಲ. ಹೀಗೇ ಇರಲಿ ಎಂದರೆ ನೀನು ನನ್ನನ್ನು ಏನೆಂದುಕೊಳ್ಳುತ್ತೀಯೋ.

ದಯಾನಂದ


ಆಲೂರು
9 ಮಾರ್ಚ್ 2025

ದಯಣ್ಣ,

ಏನಂದ್ಕೊಳ್ತೀನಿ ಅಂತ ಕೇಳಿದ್ರಲ್ಲ, ಹೇಳ್ತೀನಿ. ಹೇಡಿ ಅಂದ್ಕೊಳ್ತೀನಿ.

ನಾನು ಬ್ಯಾಡ ಅಂದಾಗ ನಿಮಗೆ ಸತ್ಯ ಬೇಕಿತ್ತು. ನಾನು ಬೇಕು ಅಂದಾಗ ನಿಮಗೆ ಸುಳ್ಳು ಬೇಕಾಯ್ತು. ಆ ತಾಯಿ ಸಂಕಟ ನಂಗೆ ಗೊತ್ತಾಗಲ್ಲ ಅಂತ ತಿಳೀಬೇಡಿ, ನಾನೂ ಹೆತ್ತೋಳೇ. ಆದ್ರೆ ಯಾವಾಗ್ಲೂ ಯಾರದೋ ಒಬ್ಬರ ನೆಮ್ಮದಿಗೆ ನಾನೇ ಸಾಯ್ಬೇಕಾ? ಒಂದ್ಸಲ ನಮ್ಮಪ್ಪಂಗೆ ಹೆದರಿ ಸಾಯಿಸಿದ್ರಿ. ಈಗ ಕರುಣೆ ಬಂದು ಸಾಯಿಸ್ತೀರ. ಇಪ್ಪತ್ತೈದು ವರ್ಷ ಸತ್ತೋಳಾಗೇ ಇದ್ದೆ, ಇನ್ನು ಆಗಲ್ಲ.

ಈಸ್ಟರ್ ಮಾರನೇ ದಿನ ಹಾನುಬಾಳಿಗೆ ಬರ್ತೀನಿ. ಮಾನಸಾನ ಕರ್ಕೊಂಡೇ ಬರ್ತೀನಿ. ಅವಳಿಗೆ ಇನ್ನೂ ಹೇಳಿಲ್ಲ. ನನ್ನ ಬಾಯಲ್ಲಿ ಅಲ್ಲ, ಅಷ್ಟು ಜನರ ಮುಂದೆ ನಿಮ್ಮ ಬಾಯಲ್ಲಿ ಕೇಳಲಿ ಅವಳು. ನೀವು ಹೇಳ್ದಿದ್ರೆ ನಾನೇ ಎದ್ದು ಹೇಳ್ತೀನಿ.

ಪಂಕಜಾಕ್ಷಿ


ಹುಬ್ಬಳ್ಳಿ
10 ಏಪ್ರಿಲ್ 2025

ಪಂಕಜ,

ತಿಂಗಳಿಡೀ ಪ್ರಾರ್ಥನೆ ಮಾಡಿದೆ. ನೀನಂದದ್ದು ನಿಜ. ಹೇಡಿ ಎನ್ನುವ ಮಾತನ್ನು ಇಷ್ಟು ವರ್ಷ ನಾನೇ ನನಗೆ ಹೇಳಿಕೊಳ್ಳಬೇಕಿತ್ತು.

ನಾನೇ ಹೇಳುತ್ತೇನೆ. ಕಾರ್ಯಕ್ರಮದ ಕೊನೆಗೆ ನನ್ನನ್ನು ಮಾತಾಡಲು ಕರೆಯುತ್ತಾರೆ. ಎಸ್ತರ್ ಸತ್ತಿಲ್ಲ ಎನ್ನುತ್ತೇನೆ, ನಾನು ಹೇಳಿದ ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ, ನಿನ್ನ ಹೆಸರು ಹಿಡಿದು ಕರೆಯುತ್ತೇನೆ. ಆಗ ನೀನು ಎದ್ದು ನಿಲ್ಲು. ಪ್ರಮೀಳಾ ಟೀಚರ್ ನನ್ನ ಮುಖಕ್ಕೆ ಉಗಿದರೆ ಒರೆಸಿಕೊಳ್ಳುತ್ತೇನೆ. ನೀನು ಬಂದರೆ ಸಾಕು.

ದಯಾನಂದ


ಹುಬ್ಬಳ್ಳಿ
22 ಏಪ್ರಿಲ್ 2025

ಪ್ರಿಯ ತಂಗಿ ಪಂಕಜ,

ಕಾರಿನಲ್ಲಿ ಇಲ್ಲಿಗೆ ಬಂದವನೇ ಬಟ್ಟೆಯನ್ನೂ ಬದಲಾಯಿಸದೆ ಬರೆಯುತ್ತಿದ್ದೇನೆ. ಎದೆಯ ಮೇಲಿನ ಕಲ್ಲು ಇಳಿಯಿತು.

ನೀನು ನೋಡಿದೆಯಲ್ಲ! ನಾನು ಹೆದರಿದ್ದೇ ದಂಡ. ‘ಎಸ್ತರ್ ಸತ್ತಿಲ್ಲ, ಇಲ್ಲೇ ನಮ್ಮ ನಡುವೆ ಕೂತಿದ್ದಾಳೆ’ ಎಂದ ಕೂಡಲೇ ಇಡೀ ಸಭೆ ಎದ್ದು ನಿಂತಿತು. ಎಲ್ಲರ ಕೈ ಮೇಲೆ, ಎಲ್ಲರ ಕಣ್ಣಲ್ಲಿ ನೀರು. ನಾನು ಬಿಡಲಿಲ್ಲ, ಪೂರ್ತಿ ಹೇಳಿದೆ. ನಿನ್ನ ಅಪ್ಪ ಬಂದದ್ದು, ನಾನು ಸುಳ್ಳಾಡಿದ್ದು, ಕಾಫಿ ಸ್ಟೋರು, ಲಾರಿ, ಎಲ್ಲ. ನಿನ್ನ ಹೆಸರನ್ನು ಎರಡು ಸಲ ಹೇಳಿದೆ. ಸಿದ್ದಯ್ಯನವರ ಮಗಳು ಎಂದೂ ಹೇಳಿದೆ. ಯಾರೂ ಒಂದು ಕಲ್ಲೆತ್ತಲಿಲ್ಲ ಪಂಕಜ. ಪಾಸ್ಟರ್ ನನ್ನನ್ನು ಅಪ್ಪಿಕೊಂಡರು. ‘ಮರೆಯಲಾಗದ ಸಾಕ್ಷಿ ಅಂಕಲ್’ ಎಂದು ಅಭಿಲಾಷ್ ಚೀಟಿಯಲ್ಲಿ ಬರೆದುಕೊಟ್ಟ. ಪ್ರಮೀಳಾ ಟೀಚರ್ ಕೂಡ ಬಂದು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನನಗೆ ಇಷ್ಟು ಕ್ಷಮೆ ಸಿಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನೀನೇಕೆ ಏಳಲಿಲ್ಲ? ಮುಂದಿನ ಸಾಲಿನಲ್ಲೇ ನೀಲಿ ಸೀರೆಯಲ್ಲಿ ನಿನ್ನನ್ನು ಗುರುತಿಸಿದೆ. ತಲೆ ಬಗ್ಗಿಸಿ ಕೂತಿದ್ದೆ. ಅಷ್ಟು ಜನರನ್ನು ಕಂಡು ನಾಚಿಕೆಯಾಯಿತೇನೋ. ಆಮೇಲೆ ಜನ ನಿನ್ನ ಹತ್ತಿರ ಬಂದರೇ? ಏನೆಂದರು? ಮಾನಸಾ ಏನೆಂದಳು? ನನ್ನನ್ನು ಕೂಡಲೇ ಕಾರಿಗೆ ಹತ್ತಿಸಿಬಿಟ್ಟರು, ನಿನ್ನನ್ನು ಮಾತಾಡಿಸಲಾಗಲಿಲ್ಲ.

ಮೇ ಐದಕ್ಕೆ ಹೃದಯದ ಆಪರೇಷನ್. ಡಾಕ್ಟರರ ಮುಖ ಅಷ್ಟು ಸರಿಯಿಲ್ಲ, ಆದರೆ ನನಗೆ ಭಯವೂ ಇಲ್ಲ. ಅದಕ್ಕೆ ಮೊದಲು ನಿನ್ನ ಕಾಗದ ಬಂದರೆ ಸಾಕು.

ನಿನ್ನ ದಯಣ್ಣ


ಆಲೂರು
24 ಏಪ್ರಿಲ್ 2025

ದಯಣ್ಣ,

ನಿಮಗೆ ಯಾರೂ ಹೇಳಿರಲ್ಲ ಅಂತ ಗೊತ್ತು, ಅದಕ್ಕೇ ನಾನು ಬರೀತೀನಿ. ನೀವು ಹೇಳಿದ್ದು ಯಾರಿಗೂ ಕೇಳಿಸ್ಲಿಲ್ಲ.

‘ಎಸ್ತರ್ ಸತ್ತಿಲ್ಲ, ಇಲ್ಲೇ ನಮ್ಮ ನಡುವೆ ಕೂತಿದ್ದಾಳೆ’ ಅಂದ್ರಿ. ಈಸ್ಟರ್ ಮಾರನೇ ದಿನ, ಅಲ್ಲಿ ಕೂತೋರಿಗೆ ಆ ಮಾತು ಹ್ಯಾಗೆ ಕೇಳಿಸ್ತು ಅಂದ್ಕೊಂಡ್ರಿ? ಆಮೆನ್ ಅಂತ ಒಂದೇ ಸಲ ಕೂಗಿದ್ರು. ಹಲ್ಲೆಲೂಯ ಅಂದ್ರು. ಅಭಿಲಾಷ್ ಕೀಬೋರ್ಡಲ್ಲಿ ಕೊನೇ ಹಾಡು ಎತ್ತಿಬುಟ್ಟ. ಎಲ್ರೂ ಕಣ್ಣು ಮುಚ್ಚಿ, ಕೈ ಎತ್ತಿ ಹಾಡೋಕೆ ಶುರು ಮಾಡಿದ್ರು. ನೀವು ಅದರ ಮಧ್ಯೆ ಮಾತಾಡ್ತಾನೇ ಇದ್ರಿ. ನಿಮ್ಮ ತುಟಿ ನೋಡ್ತಿದ್ದೋಳು ನಾನೊಬ್ಳೇ. ಅಪ್ಪನ ಹೆಸ್ರು ಹೇಳಿದ್ದು ತುಟೀಲೇ ಗೊತ್ತಾಯ್ತು. ನನ್ನ ಹೆಸ್ರೂ ಗೊತ್ತಾಯ್ತು. ಪಕ್ಕದಲ್ಲಿ ಮಾನಸಾ ಕಣ್ಮುಚ್ಚಿ ಹಾಡ್ತಿದ್ಲು.

ಆಗ ಎದ್ದು ಕೂಗಬಹುದಿತ್ತು. ಕೂಗೋಕೇ ಹೋಗಿದ್ದೆ. ಆದ್ರೆ ಸಕಲೇಶಪುರದಿಂದ ಬಸ್ಸಲ್ಲಿ ನಮ್ಮ ಪಕ್ಕ ಕೂತು ಬಂದಿದ್ದು ಆ ಪ್ರಮೀಳಾ ಟೀಚರ್ರೇ. ದಾರೀಲೆಲ್ಲ ಮಗಳ ಫೋಟೋ ಎದೆಗೆ ಅಪ್ಕೊಂಡಿದ್ರು. ಅಲ್ಲೂ ನಮ್ಮ ಜೊತೆನೇ ಕೂತ್ರು. ಮೇಣದ ಬತ್ತಿ ಹಚ್ಚೋಕೆ ಮುಂದೆ ಹೋಗುವಾಗ ‘ಒಂದು ನಿಮಿಷ ಹಿಡ್ಕೊಳ್ಳಿ ಅಕ್ಕ’ ಅಂತ ಆ ಫೋಟೋನ ನನ್ನ ತೊಡೆ ಮೇಲೆ ಇಟ್ಟೋದ್ರು. ಎರಡು ಜಡೆ, ಹಲ್ಲು ಕಾಣೋ ಹಂಗೆ ನಗ್ತಿತ್ತು ಮಗು. ನೀವು ನನ್ನ ಕರೆದಾಗ ಅದು ನನ್ನ ತೊಡೆ ಮೇಲಿತ್ತು. ಎದ್ರೆ ಅದನ್ನ ಕೆಳಗಿಡಬೇಕಿತ್ತು. ಆಗ್ಲಿಲ್ಲ ದಯಣ್ಣ, ನನ್ನ ಕೈಲಾಗ್ಲಿಲ್ಲ.

ವಾಪಸ್ ಬರ್ತಾ ಬಸ್ಸಲ್ಲಿ ಮಾನಸಾಗೆ ಹೇಳ್ದೆ. ನಾನೇ ಕಣೆ ಎಸ್ತರ್, ಹಾಡಿದ್ದು ನಾನೇ ಅಂದೆ. ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಹೆದರಿದ್ಲು. ‘ಅಮ್ಮಾ, ಸತ್ತೋರ ವಿಷಯದಲ್ಲಿ ಹಂಗೆಲ್ಲ ಆಡಬಾರ್ದು’ ಅಂದ್ಲು. ಹಾಡಿ ತೋರಿಸ್ತೀನಿ ಅಂತ ಹಾಡ್ದೆ. ಇಪ್ಪತ್ತೈದು ವರ್ಷ ಹಾಡದ ಗಂಟಲು. ಎರಡನೇ ಸಾಲಲ್ಲೇ ಒಡೆದೋಯ್ತು. ಮುಂದಿನ ಸೀಟಿನೋರು ತಿರುಗಿ ನೋಡಿದ್ರು. ಮಗಳು ನನ್ನ ಕೈ ಹಿಡ್ಕೊಂಡು, ‘ಸುಮ್ನಿರಮ್ಮ, ಸುಸ್ತಾಗೈತೆ ನಿಂಗೆ’ ಅಂತ ನೀರಿನ ಬಾಟ್ಲಿ ಕೊಟ್ಲು. ನಿಮ್ಮ ಪಾಪದಲ್ಲಿ ನಂದೂ ಅರ್ಧ ಐತೆ. ಆದ್ರೆ ಇವತ್ತು ನನ್ನ ಸಂಕಟ ಹೇಳ್ಕೊಳ್ಳೋಕೆ ನಿಮ್ಮನ್ನ ಬಿಟ್ರೆ ಇನ್ಯಾರೂ ಇಲ್ಲ.

ಪಂಕಜ


ಶುಕ್ರವಾರ, 25 ಏಪ್ರಿಲ್

ಗಂಗಾ,

ನಿನ್ನೆ ಸಂಜೆ ನಿನ್ನ ಕೈಗೆ ಕೊಟ್ಟ ಕಾಗದ ಚೀಲಕ್ಕೆ ಹಾಕಿಬುಟ್ಯಾ? ಹಾಕಿದ್ರೂ ತೆಗೆದಿಡೇ, ಮುದ್ರೆ ಒತ್ತಿದ್ರೂ ಪರ್ವಾಗಿಲ್ಲ. ಈಗಷ್ಟೇ ನೀನು ಕಳಿಸಿದ ದಯಣ್ಣನ ಕಾಗದ ಓದ್ದೆ. ಅವರಿಗೆ ಅದು ಹೋಗಬಾರ್ದು. ಆಪರೇಷನ್ ಅಂತೆ. ಬೇರೆ ಬರೆದು ಕೊಡ್ತೀನಿ, ಅದನ್ನ ಸ್ಪೀಡ್ ಪೋಸ್ಟಲ್ಲಿ ಹಾಕು.

ಪಂಕಜ


ಆಲೂರು
26 ಏಪ್ರಿಲ್ 2025

ಪ್ರೀತಿಯ ದಯಣ್ಣನಿಗೆ,

ನಿಮ್ಮ ಕಾಗದ ಬಂತು. ಬಟ್ಟೇನೂ ಬದಲಾಯಿಸ್ದೆ ಬರೆಯೋ ಅಂಥದ್ದೇನಿತ್ತು, ಮೊದ್ಲು ಏನಾದ್ರೂ ತಿನ್ನಬಾರ್ದಾ?

ಹೌದು, ನಾಚಿಕೆ ಆಯ್ತು. ಅಷ್ಟು ಜನ ನನ್ನ ಕಡೆ ತಿರುಗಿದ್ರೆ ಹ್ಯಾಗೆ ಏಳೋದು? ನೀವು ಹೇಳಿದ್ದು ಒಂದಕ್ಷರ ಬಿಡದೆ ಎಲ್ರಿಗೂ ಕೇಳಿಸ್ತು. ನಿಮ್ಮ ಕಾರು ಹೋದ ಮೇಲೆ ಹೆಂಗಸರು ನನ್ನ ಸುತ್ತ ಸೇರ್ಕೊಂಡ್ರು. ನಿಮ್ಮ ಪ್ರಮೀಳಾ ಟೀಚರ್ ನನ್ನ ಪಕ್ಕದಲ್ಲೇ ಇದ್ರು. ಸಿಟ್ಟು ಮಾಡ್ಕೊಳ್ಳಲಿಲ್ಲ. ಮಗಳ ಫೋಟೋ ನನ್ನ ಕೈಗೇ ಕೊಟ್ರು. ನಾನು ಎಷ್ಟೊತ್ತು ಹಿಡ್ಕೊಂಡಿದ್ದೆ ಗೊತ್ತಾ?

ನಮ್ಮಪ್ಪನ ಹೆಸ್ರು ನಿಮ್ಮ ಬಾಯಲ್ಲಿ ಬಂತಲ್ಲ, ಅದು ಸಾಕು ನಂಗೆ. ನಿಮ್ಮ ಮೇಲೆ ಒಂದು ಚೂರೂ ಸಿಟ್ಟಿಲ್ಲ. ಹೇಡಿ ಅಂದಿದ್ದೆನಲ್ಲ, ಆ ಕಾಗದ ಹರಿದು ಹಾಕಿ. ಧೈರ್ಯವಾಗಿ ಆಪರೇಷನ್ ಮಾಡಿಸ್ಕೊಳ್ಳಿ. ನಿಮ್ಮ ದೇವ್ರಿಗೂ ನಮ್ಮ ದೇವ್ರಿಗೂ ಇಬ್ಬರಿಗೂ ಹೇಳಿದ್ದೀನಿ.

ಮಾನಸಾ ಏನಂದ್ಲು ಅಂತ ಕೇಳಿದ್ರಿ. ಮೊದಲು ಬಾಯಿ ತೆರ್ಕೊಂಡು ನಿಂತ್ಲು. ಆಮೇಲೆ ದಾರೀಲಿ ಬಿಡಲಿಲ್ಲ. ‘ಹಾಡಮ್ಮ, ಈಗ್ಲೇ ಹಾಡು’ ಅಂತ ಬಸ್ಸಲ್ಲೇ ಹಟ ಹಿಡಿದ್ಲು. ಹಾಡ್ದೆ ಕಣಣ್ಣ. ಮುಂದಿನ ಸೀಟಿನೋರು ತಿರುಗಿ ನೋಡಿದ್ರು. ಮಗಳು ನನ್ನ ಕೈ ಹಿಡ್ಕೊಂಡು, ಗಂಟಲು ಹಂಗೇ ಐತಲ್ಲಮ್ಮ, ಒಂಚೂರೂ ಹೋಗಿಲ್ಲ ಅಂದ್ಲು.

ಸಿದ್ದಯ್ಯನವರ ಮಗಳು
ಪಂಕಜಾಕ್ಷಿ